ಪುಠಾಣಿ ಕಂಡ ಜಪಾನು

ಸವದತ್ತಿ

ಜಪಾನಿಗೆ ಹೋಗಿ ಬಂದೆ ಎಂದರೆ ನಮ್ಮೂರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಬುಲೆಟ್ ರೈಲ ಹತ್ತಿದ್ರೇನ್ರಿ ಅಕ್ಕೋರ?’ ಹತ್ತಲಿಲ್ಲ. ಹಿಮದ ಗುಡ್ಡ ನೋಡಿದಿರೇನು? ವಿಮಾನದ ಕಿಟಕಿಯಿಂದ ಪಕ್ಕದವರು ಬೆರಳು ಮಾಡಿ ತೋರಿಸಿದರು, ನಾನು ಕನ್ನಡಕ ಹುಡುಕುವಷ್ಟರಲ್ಲಿ ಮೋಡ ಬಂತು. ಹೂವಿನ ಗಿಡ? ಅದರ ಕಾಲ ಮುಗಿದಿತ್ತು. ಹಾಗಾದರೆ ಇಪ್ಪತ್ತೇಳು ದಿನ ಅಲ್ಲಿ ಏನು ಮಾಡಿದಿರಿ ಎಂದರೆ, ಒಂದು ಆಸ್ಪತ್ರೆಗೂ ಒಂದು ನಾಯಿಯ ಜೈಲಿಗೂ ಓಡಾಡಿದೆ ಎಂದು ಹೇಳಬೇಕಾಗುತ್ತದೆ. ಹೇಳಿದರೆ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗಲೂ ನಗುವವರಿದ್ದರೆ ನನ್ನೆದುರು ಬರಬೇಡಿ, ಅಷ್ಟೇ.

ನಾನು ಉಗರಗೋಳದ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವಳು. ನಿವೃತ್ತಿಯಾದ ಮೇಲೆ ಸವದತ್ತಿಯ ನನ್ನ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಬಂದವಳು ಸಚಿಕೊ. ಜಪಾನಿನ ಹೆಣ್ಣುಮಗಳು, ಆಗ ನಲವತ್ತರ ಆಸುಪಾಸು. ರಾಮದುರ್ಗದ ನೇಕಾರರ ಮಗ್ಗಗಳ ಬಗ್ಗೆ ಪುಸ್ತಕ ಬರೆಯುತ್ತೇನೆ, ಆರು ತಿಂಗಳು ಇರುತ್ತೇನೆ ಎಂದಳು. ಐದು ವರ್ಷ ಇದ್ದಳು. ಅವಳ ಕನ್ನಡ ಅರ್ಧ ನನ್ನದು, ಅರ್ಧ ರಾಮದುರ್ಗದ ಬಸ್ಸಿನದು. ಬಸ್ಸಿನಲ್ಲಿ ಕಾಲು ಚಾಚಿ ಕುಳಿತವರಿಗೆ, ‘ಕಾಲ ತಗೀರಿ ಯಜಮಾನ್ರ, ನಮಗೂ ಕುಂದ್ರಾಕ ಬೇಕ್ರಿ’ ಎಂದು ಅವಳು ಅಂದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು.

ಒಂದು ಸಂಜೆ ಅವಳ ಚೀಲ ತಾನೇ ಅಲುಗಾಡುತ್ತಿತ್ತು. ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚುರಮುರಿ ಗಾಡಿಯ ಕೆಳಗೆ ಸಿಕ್ಕಿತಂತೆ, ಪುಠಾಣಿಯ, ಅಂದರೆ ಹುರಿಗಡಲೆಯ, ಬಣ್ಣದ ಹೆಣ್ಣು ಮರಿ. ಹೆಸರೂ ಅದೇ ಆಯಿತು. ನಾಯಿಗೆ ನನ್ನ ಮನೆಯೊಳಗೆ ಜಾಗ ಇಲ್ಲ, ಕಟ್ಟೆಯ ಮೇಲೆ ಬಿದ್ದಿರಲಿ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಎಂಟು ದಿನಕ್ಕೆ ಅದು ನಾನು ಸಚಿಕೊಳ ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಯ ಮೇಲೆ, ನನ್ನ ಮಂಚದ ಕೆಳಗೇ ಮಲಗುತ್ತಿತ್ತು. ಪ್ರತಿ ಸಂಜೆ ಆರಕ್ಕೆ ರಾಮದುರ್ಗದ ಬಸ್ಸು ಬರುವ ಹೊತ್ತಿಗೆ ಪುಠಾಣಿ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳು.

ಹೊಟ್ಟೆನೋವೆಂದು ಸಚಿಕೊ ಹದಿನೈದು ದಿನದ ಮಟ್ಟಿಗೆ ತನ್ನ ಊರಿಗೆ ಹೋದಳು. ಮರಳಿ ಬರಲಿಲ್ಲ. ಒಂದು ದಿನ ಫೋನಿನಲ್ಲಿ ಮೆಲ್ಲಗೆ ಹೇಳಿದಳು: ‘ಅಕ್ಕೋರ, ಹೊಟ್ಟ್ಯಾಗ ಗಂಟ ಐತಂತ್ರಿ. ಭಾಳಂದ್ರ ಒಂದ ವರ್ಷ ಅಂತಾರ. ಒಮ್ಮೆ ಪುಠಾಣಿನ ನೋಡಬೇಕ್ರಿ. ಕರಕೊಂಡ ಬರತೀರೇನ?’

ಬರುತ್ತೇನೆ ಎಂದೆ. ವಿಮಾನವನ್ನು ನಾನು ಆಕಾಶದಲ್ಲಿ ಮಾತ್ರ ನೋಡಿದ್ದೆ.

ಬೈಲಹೊಂಗಲ

ನಿಯಮ ಹೀಗಿತ್ತು. ಆ ದೇಶದಲ್ಲಿ ಹುಚ್ಚುನಾಯಿ ರೋಗ ಇಲ್ಲ, ಬರಗೊಡುವುದೂ ಇಲ್ಲ ಎಂದು ಹಟ ಹಿಡಿದಿದ್ದಾರೆ. ಹೊರಗಿನ ನಾಯಿಗೆ ಮೊದಲು ಕುತ್ತಿಗೆಯ ಚರ್ಮದೊಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಬೇಕು. ಅದರಲ್ಲಿ ಆ ನಾಯಿಯ ನಂಬರು ಇರುತ್ತದೆ. ಆಮೇಲೆ ಹುಚ್ಚಿನ ಲಸಿಕೆ. ಎರಡನ್ನೂ ಒಂದೇ ದಿನ ಹಾಕಿದರೂ ನಡೆಯುತ್ತದೆ, ಆದರೆ ಲಸಿಕೆ ಮೊದಲು, ಚಿಪ್ ಮರುದಿನ ಆಗಕೂಡದು. ಗುರುತಿಲ್ಲದ ನಾಯಿಗೆ ಹಾಕಿದ ಲಸಿಕೆ ಹಾಕದಂತೆಯೇ ಎಂಬುದು ಅವರ ಲೆಕ್ಕ. ತಿಂಗಳ ಮೇಲೆ ಇನ್ನೊಂದು ಲಸಿಕೆ, ಆಮೇಲೆ ರಕ್ತ ಪರೀಕ್ಷೆ, ಆಮೇಲೆ ನೂರಾ ಎಂಬತ್ತು ದಿನ ನಮ್ಮ ಮನೆಯಲ್ಲೇ ಕಾಯುವುದು. ಎಲ್ಲ ಸರಿಯಿದ್ದರೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅರ್ಧ ದಿನ ಇಟ್ಟುಕೊಂಡು ಬಿಡುತ್ತಾರೆ. ಒಂದು ಕೊಂಡಿ ತಪ್ಪಿದರೆ ಮತ್ತೆ ನೂರಾ ಎಂಬತ್ತು ದಿನ, ಈ ಸಲ ಅವರ ಕೋಣೆಯಲ್ಲಿ.

ಬೈಲಹೊಂಗಲದ ದನದ ಡಾಕ್ಟರರು ಚಿಪ್ ತರಿಸಿದರು. ‘ಅಕ್ಕೋರ, ಇವತ್ತ ಬಂದೈತಿ, ಇವತ್ತ ಕರಕೊಂಡ ಬರ್ರಿ. ನಾಳಿಂದ ಎಂಟ ದಿನಾ ನಾ ಊರಾಗ ಇರಂಗಿಲ್ಲ’ ಎಂದು ಫೋನು ಮಾಡಿದರು. ಗೋಡೆಯ ಕ್ಯಾಲೆಂಡರು ನೋಡಿದೆ. ಅಮಾವಾಸ್ಯೆ.

ನನ್ನ ತವರು ನೇಸರಗಿಯ ಒಕ್ಕಲು ಮನೆತನ. ಸೋಮವಾರ ಮತ್ತು ಅಮಾವಾಸ್ಯೆ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೂಗುದಾರ ಚುಚ್ಚುವುದಿಲ್ಲ, ಲಾಳ ಹೊಡೆಯುವುದಿಲ್ಲ. ಮೂಕ ಪ್ರಾಣಿಗೆ ಅದೊಂದು ದಿನವಾದರೂ ಕಬ್ಬಿಣ ತಾಗಬಾರದು ಎಂದು ನನ್ನ ಅಪ್ಪ ಹೇಳುತ್ತಿದ್ದ. ಗ್ರಹಣ ಎಂದರೆ ಬರೀ ನೆರಳು ಎಂದು ಲಿಂಬೆಹಣ್ಣು, ಚೆಂಡು ಇಟ್ಟು ಮಕ್ಕಳಿಗೆ ತೋರಿಸಿದವಳು ನಾನು. ಆದರೂ ಅಪ್ಪನ ಮಾತು ಹೊಟ್ಟೆಯೊಳಗೆ ಕೂತಿರುತ್ತದೆ, ಏನು ಮಾಡುವುದು!

ಹೋದೆ. ಚಿಪ್ ಹಾಕಿದರು, ಬೆನ್ನಿಗೇ ಲಸಿಕೆ ಹಾಕಿದರು. ಪುಠಾಣಿ ಒಮ್ಮೆ ಕುಂಯ್ ಅಂದಳು. ಕಂಪೌಂಡರನು ಲಸಿಕೆಯ ಪುಸ್ತಕದಲ್ಲಿ ಆ ದಿನದ ಶಿಕ್ಕಾ ತಟಕ್ಕನೆ ಒತ್ತಿದ. ಚಿಪ್ಪಿನ ಪ್ರಮಾಣಪತ್ರವನ್ನು ಡಾಕ್ಟರರು ಕೈಯಿಂದ ಬರೆಯಲು ಕುಳಿತರು. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ.

‘ಡಾಕ್ಟರ್ರ, ಇವತ್ತ ಅಮಾಸಿ.’

‘ಹೌದ್ರೆಲಾ! ಚಿಪ್ಪ ಹೊರಗ ತಗೀಲೇನ ಮತ್ತ?’ ಎಂದು ನಕ್ಕರು.

‘ತಗೀಬ್ಯಾಡ್ರಿ. ಕಾಗದದ ಮ್ಯಾಲರೆ ನಾಳಿ ಪಾಡ್ಯದ ತಾರೀಖ ಹಾಕ್ರಿ. ಒಂದ ಪುಣ್ಯದ ಕೆಲಸಕ್ಕ ಹೊಂಟೈತಿ ಕೂಸು.’

‘ಲಸಿಕಿ ಪುಸ್ತಕದಾಗ ಇವತ್ತಿನ ಶಿಕ್ಕಾ ಬಿದ್ದೈತಲ್ರಿ.’

‘ಅದು ಸೂಜಿ, ಒಳಗ ಹೋಗಿ ಹೊರಗ ಬರೂದು. ಚಿಪ್ಪ ಜೀವ ಇರೂ ತನಾ ಮೈಯಾಗ ಇರೂದು. ಅದಕ್ಕರೆ ಚಲೋ ದಿನಾ ಬ್ಯಾಡೇನ್ರಿ?’

‘ಆತ ಬಿಡ್ರಿ. ಒಂದ ದಿನದಾಗ ಏನ ಮುಳಗೂದೈತಿ’ ಎಂದು ಮರುದಿನದ ತಾರೀಕು ಹಾಕಿ ಸಹಿ ಮಾಡಿದರು.

ಡಾಕ್ಟರರನ್ನು ಬೈಯಬೇಡಿ. ತಾರೀಕು ತಿದ್ದುವುದರಲ್ಲಿ ನಾನು ಅವರಿಗಿಂತ ಹಳಬಳು. ಉಗರಗೋಳದಲ್ಲಿ ಶಾಲೆಗೆ ಸೇರಿಸಲು ಮಕ್ಕಳನ್ನು ಕರೆತಂದವರಿಗೆ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ‘ಸೀಗಿ ಹುಣ್ಣಿವಿ ಮುಂದ ಹುಟ್ಟೈತ್ರಿ’ ಎನ್ನುತ್ತಿದ್ದರು. ನಾನು ಜೂನ್ ಒಂದು ಎಂದು ಬರೆಯುತ್ತಿದ್ದೆ. ಊರಿಗೆ ಊರೇ ಜೂನ್ ಒಂದಕ್ಕೆ ಹುಟ್ಟಿದೆ, ಎಲ್ಲ ನನ್ನ ಕೈಬರಹ. ಯಾರಿಗೂ ಅದರಿಂದ ಹಾನಿಯಾದದ್ದು ನಾನು ನೋಡಿರಲಿಲ್ಲ.

ಆ ದೇಶಕ್ಕೆ ಮೊದಲೇ ಕಳಿಸಬೇಕಾದ ಅರ್ಜಿಯನ್ನು ಸಚಿಕೊ ಅಲ್ಲಿಂದಲೇ ತುಂಬಿದಳು. ಫೋನಿನಲ್ಲಿ ಅವಳು ತಾರೀಕು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರು ನೋಡಿ, ಚಿಪ್ಪು ಲಸಿಕೆ ಎರಡೂ ಅಮಾವಾಸ್ಯೆಯ ದಿನ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಪಾಡ್ಯದ ಮಾತು ನನಗೆ ಆಗ ನೆನಪೇ ಇರಲಿಲ್ಲ. ಕಾಗದಗಳ ಫೋಟೊ ಕಳಿಸಿದೆ, ಮಡಿಕೆಯ ನೆರಳು ಬಿದ್ದು ಅಕ್ಷರ ಮಸುಕಾಗಿದ್ದವು. ಮೂಲ ಕಾಗದವನ್ನು ಬಂದಾಗ ನೋಡುತ್ತೇವೆ ಎಂದು ಉತ್ತರ ಬಂತು. ಅಂದರೆ ಅರ್ಜಿಯಲ್ಲಿ ನಿಜ ಇತ್ತು, ನನ್ನ ಚೀಲದಲ್ಲಿ ಸುಳ್ಳಿತ್ತು. ಅದನ್ನು ಎದೆಗೆ ಅವಚಿಕೊಂಡು ಜಪಾನಿಗೆ ಹೊರಟೆ.

ಕಿತ್ತೂರು

ಮುಂಬೈವರೆಗೆ ಕರೆದೊಯ್ದವನು ಕಿತ್ತೂರಿನ ನನ್ನ ತಮ್ಮ ಈರಣ್ಣ. ಅವನದು ಬಾಡಿಗೆ ಗಾಡಿ. ಹಿಂದಿನ ಸೀಟು ತೆಗೆದು ಪುಠಾಣಿಯ ಪೆಟ್ಟಿಗೆ ಇಟ್ಟ. ಅವನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು, ಒಂದು ಸೇರು ಜೋಳದ ಹಿಟ್ಟನ್ನೂ ಹಾಕಿದಳು. ಬಾಗಿಲಲ್ಲಿ ನನಗೆ ಆರತಿ ಮಾಡಿ, ತಟ್ಟೆಯನ್ನು ಪೆಟ್ಟಿಗೆಯ ಮುಂದೂ ಒಂದು ಸುತ್ತು ತಿರುಗಿಸಿದಳು.

‘ಅಕ್ಕಾ, ನಮ್ಮ ವಂಶದಾಗ ಪರದೇಶಕ್ಕ ಹೊಂಟದ್ದು ನಾಯಿನ ಮೊದಲ ನೋಡ’ ಎಂದ ಈರಣ್ಣ.

‘ಮುಚ್ಚೋ ಬಾಯಿ. ನಾನೂ ಹೊಂಟೇನಿ’ ಎಂದೆ.

‘ನೀ ಅದರ ಜೋಡಿ ಹೊಂಟೀದಿ.’

ನಕ್ಕೆವು. ಈ ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಕೊನೆ ಎಂದು ಕಾಣುತ್ತದೆ. ಗಾಡಿ ಹೆದ್ದಾರಿ ಹತ್ತಿದ ಮೇಲೆ ಸಚಿಕೊಗೆ ಫೋನು ಮಾಡಿದೆ. ಅಷ್ಟೊತ್ತಿಗೆ ಅವಳು ಆಸ್ಪತ್ರೆ ಸೇರಿ ಇಪ್ಪತ್ತು ದಿನವಾಗಿತ್ತು. ದನಿ ದಾರದೆಳೆಯಷ್ಟು ಸಣ್ಣಗಾಗಿತ್ತು. ‘ಪುಠಾಣಿ ಏನ ಮಾಡಾಕತ್ತಾಳ್ರಿ?’ ಎಂದಳು. ಮಲಗಿದ್ದಾಳೆ ಎಂದೆ. ಪುಠಾಣಿ ಮಲಗಿರಲಿಲ್ಲ, ಕೌದಿಯ ತುದಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ವಿಮಾನ

ಮುಂಬೈಯಲ್ಲಿ ಪುಠಾಣಿಯನ್ನು ಸಾಮಾನಿನ ಬಾಗಿಲಿಂದ ಒಳಗೆ ಒಯ್ದರು, ನನ್ನನ್ನು ಮನುಷ್ಯರ ಬಾಗಿಲಿಂದ. ಐದು ವರ್ಷದಲ್ಲಿ ಅವಳನ್ನು ಬೀಗದೊಳಗೆ ಇಟ್ಟದ್ದು ಅದೇ ಮೊದಲು. ನನ್ನ ಸೀಟಿನ ಕೆಳಗೆ ಎಲ್ಲೋ ಇದ್ದಾಳೆ ಎಂದು ತಿಳಿದು ನಾನು ದಾರಿಯುದ್ದಕ್ಕೂ ಕಾಲು ಮೇಲೆತ್ತಿ ಕುಳಿತಿದ್ದೆ. ಹುಚ್ಚು ಎನ್ನಿ. ಪಕ್ಕದ ಜಪಾನೀ ಹೆಂಗಸು ನನಗೆ ಚಳಿ ಎಂದು ತಿಳಿದು ತನ್ನ ಚಾದರವನ್ನೂ ನನಗೇ ಕೊಟ್ಟಳು, ಕೊಟ್ಟು ಎರಡು ಸಲ ಕ್ಷಮೆ ಕೇಳಿದಳು.

ಆ ದೇಶದವರ ಈ ಕ್ಷಮೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೈಲು ಅರ್ಧ ನಿಮಿಷ ತಡವಾದರೆ ಕ್ಷಮೆ. ಅಂಗಡಿಯವಳು ಚಿಲ್ಲರೆ ಕೊಡುವಾಗ ಕ್ಷಮೆ. ನಾನು ಒಬ್ಬನ ಕಾಲು ತುಳಿದೆ, ಅವನೇ ಬಗ್ಗಿ ಕ್ಷಮೆ ಕೇಳಿದ. ನಮ್ಮ ಕಡೆ ಕಾಲು ತುಳಿಸಿಕೊಂಡವನು ತುಳಿದವನ ಏಳು ತಲೆಮಾರು ಎತ್ತಿ ಬೈಯುತ್ತಾನೆ, ಅಲ್ಲಿಗೆ ಲೆಕ್ಕ ಚುಕ್ತಾ. ಅಲ್ಲಿ ಎಲ್ಲರೂ ತಪ್ಪು ನನ್ನದು ಎನ್ನುತ್ತಾರೆ. ನಿಜವಾಗಿ ತಪ್ಪು ಮಾಡಿದವರು ಏನು ಅನ್ನಬೇಕೋ ಗೊತ್ತಾಗುವುದಿಲ್ಲ.

ವಿಮಾನ ನಿಲ್ದಾಣದ ಪಕ್ಕದ ಕೋಣೆ

ಕಾಗದ ನೋಡಿದ ಅಧಿಕಾರಿಗೆ ನನ್ನ ಶಾಲೆಯ ಎಳೆಯ ಮೇಷ್ಟ್ರುಗಳ ವಯಸ್ಸು. ಬಿಳಿ ಕೈಗವಸು ಹಾಕಿಕೊಂಡು ಒಂದೊಂದೇ ಹಾಳೆಯನ್ನು ಮೇಜಿನ ಮೇಲೆ ಸಾಲಾಗಿ ಹರಡಿದ. ಅರ್ಜಿ ನೋಡಿದ. ಲಸಿಕೆಯ ಪುಸ್ತಕ ನೋಡಿದ. ಚಿಪ್ಪಿನ ಪತ್ರ ನೋಡಿದ. ಮತ್ತೆ ಪುಸ್ತಕ, ಮತ್ತೆ ಪತ್ರ. ಆ ಕ್ಷಣಕ್ಕೇ ನನಗೆ ಬೈಲಹೊಂಗಲದ ಆ ಮೇಜು, ಡಾಕ್ಟರರ ಪೆನ್ನು, ನನ್ನ ಬಾಯಿ ಎಲ್ಲ ನೆನಪಾಯಿತು.

‘ಲಸಿಕೆ ಈ ದಿನ. ಚಿಪ್ ಮರುದಿನ. ಅರ್ಜಿಯಲ್ಲಿ ಎರಡೂ ಒಂದೇ ದಿನ ಎಂದಿದೆ’ ಎಂದ ಇಂಗ್ಲಿಷಿನಲ್ಲಿ, ನಿಧಾನವಾಗಿ. ‘ಯಾವುದು ನಿಜ?’

ಅರ್ಜಿಯದು ನಿಜ ಎಂದೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅಮಾವಾಸ್ಯೆಯನ್ನು ವಿವರಿಸಿದೆ. ಚಂದ್ರ ಇಲ್ಲದ ದಿನ, ಎತ್ತಿಗೆ ನೊಗ ಇಡದ ದಿನ. ಅವನು ನಗಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಪೂರ್ತಿ ಕೇಳಿಸಿಕೊಂಡ. ನಂತರ, ‘ಪತ್ರದಲ್ಲಿ ಡಾಕ್ಟರರ ಸಹಿ ಇದೆ. ನನಗೆ ಪತ್ರವೇ ನಿಜ’ ಎಂದ. ಮೊದಲ ಲಸಿಕೆ ಲೆಕ್ಕಕ್ಕಿಲ್ಲ. ಅದು ಇಲ್ಲದಿದ್ದರೆ ಎರಡನೆಯದೇ ಮೊದಲನೆಯದಾಯಿತು, ರಕ್ತ ಪರೀಕ್ಷೆಯೂ ಹೋಯಿತು, ನಾವು ಮನೆಯಲ್ಲಿ ಕಾಯ್ದ ನೂರಾ ಎಂಬತ್ತು ದಿನವೂ ಹೋಯಿತು. ಇನ್ನು ಇಲ್ಲಿಯೇ ನೂರಾ ಎಂಬತ್ತು.

ಅಲ್ಲಿಂದಲೇ ಡಾಕ್ಟರರಿಗೆ ಫೋನು ಮಾಡಿದೆ. ‘ಅಯ್ಯ ಶಿವನ! ಈಗಿಂದೀಗ ತಿದ್ದಿ ಬ್ಯಾರೆ ಪತ್ರ ಕಳಸ್ತೇನ್ರಿ ಅಕ್ಕೋರ’ ಎಂದರು. ಅಧಿಕಾರಿಗೆ ಹೇಳಿದೆ. ಅವನು ಕಣ್ಣು ಕೆಳಗೆ ಮಾಡಿ, ‘ಕೇಳಿದ ಕೂಡಲೇ ಬದಲಾಗುವ ಪತ್ರವನ್ನು ನಾನು ಹೇಗೆ ನಂಬಲಿ?’ ಎಂದ. ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದವಳು ಫೋನನ್ನು ಚೀಲಕ್ಕೆ ಹಾಕಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕಚೇರಿಯವರನ್ನು ಬೈಯುವುದು ನಮಗೆ ರೂಢಿ. ಇಲ್ಲಿ ಪೂಜಾರಿ ನಾನೇ ಆಗಿದ್ದೆ.

ಕೌದಿಯನ್ನು ತೆಗೆದು ಔಷಧಿಯಲ್ಲಿ ತೊಳೆದು ಕೊಟ್ಟರು. ಸಚಿಕೊಳ ವಾಸನೆ, ನನ್ನ ಮನೆಯ ವಾಸನೆ ಎಲ್ಲ ಹೋಗಿ ಬರೀ ಸಾಬೂನು ಉಳಿದಿತ್ತು. ಪುಠಾಣಿ ಮೂಸಿ ನೋಡಿ ಅದನ್ನು ಬಿಟ್ಟು ಸಿಮೆಂಟಿನ ಮೇಲೆ ಮಲಗಿದಳು. ಅವಳ ಕೋಣೆಗೆ ಒಂದು ಜಾಲರಿಯ ಅಂಗಳ, ಅಂಗಳದ ಮೇಲೆ ಒಂದು ಚೂರು ಆಕಾಶ. ಪುಠಾಣಿ ಕಂಡ ಜಪಾನು ಅಷ್ಟೇ.

ಆಸ್ಪತ್ರೆ

ಸಚಿಕೊಳನ್ನು ಗುರುತು ಹಿಡಿಯಲು ನನಗೆ ಗಳಿಗೆ ಬೇಕಾಯಿತು. ತಲೆಯ ಮೇಲೆ ಕೂದಲಿರಲಿಲ್ಲ, ಹೂವಿನ ಟೊಪ್ಪಿಗೆ ಹಾಕಿದ್ದರು. ಗೋಡೆಯ ಮೇಲೆ ಒಬ್ಬ ರೋಗಿಯ ಮಡಿಲಲ್ಲಿ ಬೆಕ್ಕು ಕುಳಿತ ಫೋಟೊ ಇತ್ತು. ಆ ಆಸ್ಪತ್ರೆಯಲ್ಲಿ ಸಾಕುಪ್ರಾಣಿ ಬರಬಹುದಂತೆ, ಅದಕ್ಕೇ ಅವಳು ಅದನ್ನು ಆರಿಸಿಕೊಂಡದ್ದು. ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಖಾಲಿ ಬಾಗಿಲು.

‘ಕಾಗದದಾಗ ಏನೋ ಕೊರತಿ ಐತಂತವಾ. ಆರ ತಿಂಗಳ ಅಂದ್ರು’ ಎಂದೆ.

ಆರು ತಿಂಗಳು ಎಂದರೆ ಏನೆಂದು ಆ ಕೋಣೆಯಲ್ಲಿ ಇಬ್ಬರಿಗೂ ಗೊತ್ತಿತ್ತು. ಅವಳೇ ನನ್ನ ಕೈ ಹಿಡಿದುಕೊಂಡಳು.

‘ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ. ನಮ್ಮ ದೇಶದ ಕಾಯ್ದೆ ಭಾಳ ಬಿರುಸ. ಇಷ್ಟ ದೂರ ಬಂದ ನಿಮಗ ತ್ರಾಸ ಆತು. ನನಗ ನಾಚಿಕಿ ಆಗತೈತಿ.’

‘ಕಾಯ್ದೆದಲ್ಲವಾ, ತಪ್ಪು ನಂದೈತಿ’ ಎಂದೆ.

‘ಹಂಗ ಅನಬ್ಯಾಡ್ರಿ. ನಿಮ್ಮದೇನ ತಪ್ಪ? ನಂದ ತಪ್ಪ, ನಾನ ಕರದದ್ದು’ ಎಂದಳು.

ಅಲ್ಲಿಗೆ ನಿಲ್ಲಿಸಿದೆ. ಅಮಾವಾಸ್ಯೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅವಳು ದಣಿದಿದ್ದಾಳೆ, ನಾಳೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ದಿನಾ ಎರಡು ರೈಲು

ಸಚಿಕೊಳ ಖಾಲಿ ಮನೆಯಲ್ಲಿ ನನ್ನ ವಾಸ. ಅವಳ ಅಣ್ಣ ಬೀಗದ ಕೈ ಕೊಟ್ಟಿದ್ದ. ಅರವತ್ತು ದಾಟಿದ, ತೆಳ್ಳಗಿನ ಮನುಷ್ಯ, ಒಬ್ಬನೇ ಬೇರೆ ಕಡೆ ಇದ್ದ. ಇಂಗ್ಲಿಷು ನನಗೆ ಎಷ್ಟು ಬರುತ್ತದೋ ಅವನಿಗೂ ಅಷ್ಟೇ, ಆದ್ದರಿಂದ ನಮ್ಮಿಬ್ಬರ ಮಾತು ಚೆನ್ನಾಗಿ ನಡೆಯಿತು.

ಪುಠಾಣಿ ಅಲ್ಲಿಯ ಒಣ ಕಾಳು ಮುಟ್ಟಲಿಲ್ಲ. ಮನೆಯ ಊಟ ತರಬಹುದು ಎಂದರು. ಮೊದಲ ದಿನ ರೊಟ್ಟಿ ಬಡಿದೆ. ಆ ಮನೆಯಲ್ಲಿ ಬೆಂಕಿಯೇ ಇಲ್ಲ, ಗಾಜಿನ ಹಲಗೆ ಕಾಯುತ್ತದೆ. ರೊಟ್ಟಿ ಸುಡುವಾಗ ಹೊಗೆ ಎದ್ದು ಚಾವಣಿಯಲ್ಲಿದ್ದ ಯಂತ್ರ ಕಿರಿಚಿಕೊಂಡಿತು. ಇಡೀ ಕಟ್ಟಡದವರು ಚಪ್ಪಲಿ ಮೆಟ್ಟಿಕೊಂಡು ಸಾಲಾಗಿ ಕೆಳಗಿಳಿದು ನಿಂತರು. ನಾನು ಹಿಟ್ಟಿನ ಕೈಯಲ್ಲೇ ಇಳಿದೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನ್ನನ್ನು ಯಾರಾದರೂ ಬೈಯಲಿ ಎಂದು ಆಗ ನನಗೆ ಬಹಳ ಅನ್ನಿಸುತ್ತಿತ್ತು. ಮರುದಿನದಿಂದ ಹಿಟ್ಟಿನ ಅಂಬಲಿ ಮಾಡಿ ಒಯ್ದೆ. ಪುಠಾಣಿ ಅರ್ಧ ಕುಡಿಯುತ್ತಿದ್ದಳು.

ಮುಂಜಾನೆ ಪುಠಾಣಿಯ ಹತ್ತಿರ, ಮಧ್ಯಾಹ್ನ ಸಚಿಕೊಳ ಹತ್ತಿರ. ನಡುವೆ ರೈಲು. ರೈಲಿನಲ್ಲಿ ಸಾವಿನ ಮನೆಯ ಮೌನ, ಫೋನು ಸಹ ಬಾಯಿ ಮುಚ್ಚಿಸಿ ಇಡಬೇಕು. ನಮ್ಮ ಯರಗಟ್ಟಿ ಬಸ್ಸಿನಲ್ಲಾದರೆ ಇಷ್ಟೊತ್ತಿಗೆ ನಾಲ್ಕು ಜನ ನನ್ನ ಕಥೆ ಕೇಳಿ, ಇಬ್ಬರು ಅತ್ತು, ಒಬ್ಬಳು ಬಾಳೆಹಣ್ಣು ಕೊಡುತ್ತಿದ್ದಳು.

ಮೂರನೆಯ ದಿನ ಸಚಿಕೊ ನನ್ನ ಸೀರೆಯನ್ನೇ ನೋಡುತ್ತಿದ್ದಳು. ಕೈ ಚಾಚಿ ಸೆರಗಿನಿಂದ ಒಂದು ಕೂದಲು ಕಿತ್ತಳು, ಪುಠಾಣಿಯದು. ಬೆಳಕಿಗೆ ಹಿಡಿದಳು. ‘ಬಣ್ಣಾ ಹಂಗ ಐತ್ರಿ’ ಎಂದಳು. ಆ ಮಧ್ಯಾಹ್ನವಿಡೀ ನನ್ನ ಸೀರೆಯಿಂದ ಒಂದೊಂದೇ ಕೂದಲು ಹುಡುಕಿ ತೆಗೆದು ಅಂಗೈಯಲ್ಲಿ ಕೂಡಿಸಿದಳು. ಪುಠಾಣಿ ಉಂಡಳೇ, ಬಾಲ ಅಲ್ಲಾಡಿಸಿದಳೇ ಎಂದು ಕೇಳುತ್ತ ಹೋದಳು. ನಾನು ಎಲ್ಲದಕ್ಕೂ ಹೌದು ಎಂದೆ.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ದಾದಿ ಇದ್ದಳು. ಹೊರಗಿನಿಂದ ಬಂದವರ ಬಟ್ಟೆಯ ಮೇಲೆ ಅಂಟಿನ ರೋಲರು ಉರುಳಿಸಿ ಧೂಳು, ಕೂದಲು ತೆಗೆಯುತ್ತಿದ್ದಳು, ಕ್ಷಮೆ ಕೇಳುತ್ತಲೇ. ನಾನು ಒಂದು ಉಪಾಯ ಕಲಿತೆ. ನಾಯಿಯ ಕೋಣೆಯಲ್ಲಿ ಪುಠಾಣಿಯನ್ನು ಮಡಿಲಲ್ಲಿ ಕೂಡಿಸಿಕೊಂಡು ತಿಕ್ಕುವುದು, ಏಳುವಾಗ ಸೆರಗನ್ನು ಒಳಮಗ್ಗುಲು ಮಾಡಿ ನೆರಿಗೆಯೊಳಗೆ ಸಿಕ್ಕಿಸುವುದು. ದಾದಿ ಹೊರಗಿನದನ್ನು ಉರುಳಿಸುತ್ತಿದ್ದಳು. ಒಳಗಿನದು ಸಚಿಕೊಳ ಮಂಚದವರೆಗೆ ಬರುತ್ತಿತ್ತು. ಅರವತ್ತೆರಡರ ವಯಸ್ಸಿನಲ್ಲಿ ನಾಯಿಯ ಕೂದಲು ಕಳ್ಳಸಾಗಣೆ ಮಾಡಿದ ಹೆಂಗಸು ಸವದತ್ತಿ ತಾಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಎರಡು ವಾರವಾದ ಮೇಲೆ ಸಚಿಕೊ ತಾನೇ ಆಸ್ಪತ್ರೆಯ ಡಾಕ್ಟರರ ಜೊತೆ ಜಗಳ ತೆಗೆದಳು. ನಾಯಿ ಬರದಿದ್ದರೆ ನಾನೇ ಹೋಗುತ್ತೇನೆ ಎಂದಳು. ಎರಡು ತಾಸಿನ ದಾರಿ, ಮೈಗೆಲ್ಲ ನಳಿಗೆ. ಜ್ವರ ಇಳಿದರೆ ಗುರುವಾರ ಮಲಗಿಸಿಕೊಂಡು ಹೋಗುವ ಗಾಡಿಯಲ್ಲಿ ಕಳಿಸುತ್ತೇವೆ ಎಂದು ಕೊನೆಗೆ ಒಪ್ಪಿದರು. ನಾಯಿಯ ಕೋಣೆಯ ಅಧಿಕಾರಿಗೆ ಹೇಳಿದೆ. ಅವನು ಗುರುವಾರದ ಭೇಟಿಯ ಚೀಟಿ ಬರೆದುಕೊಟ್ಟು, ಮಂಚ ಒಳಗೆ ಬರಲಿ ಎಂದು ಬಾಗಿಲಿನ ಅಗಲವನ್ನು ತಾನೇ ಟೇಪು ಹಿಡಿದು ಅಳೆದ. ಒಳ್ಳೆಯ ಹುಡುಗ. ಅವನನ್ನು ನಾನು ಮನಸ್ಸಿನಲ್ಲಿ ಬೈದದ್ದೆಲ್ಲ ಹಿಂದಕ್ಕೆ ತೆಗೆದುಕೊಂಡೆ.

ಗುರುವಾರ ಪುಠಾಣಿಯ ಮುಂದೆಯೇ ಅವಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ. ನಾಯಿಯ ಸಂತೋಷದಲ್ಲಿ ನನ್ನ ತಪ್ಪು ಸಣ್ಣದಾಗಿ ಕಂಡೀತು ಎಂಬ ಆಸೆ.

ಹತ್ತೊಂಬತ್ತನೆಯ ದಿನ

ಅದು ಮಂಗಳವಾರ. ಪುಠಾಣಿಗೆ ಅಂಬಲಿ ಕುಡಿಸಿ, ಸೆರಗು ಒಳಗೆ ಸಿಕ್ಕಿಸಿಕೊಂಡು ರೈಲು ಹತ್ತಿದೆ. ಫೋನು ಚೀಲದಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಇಳಿದು ಹೊರಗೆ ಬಂದರೆ ಸಚಿಕೊಳ ಅಣ್ಣ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಯಾವ ಭಾಷೆಯೂ ಬೇಕಾಗಲಿಲ್ಲ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಬಾಯಿಬಿಟ್ಟು ಅತ್ತೆ. ಜನ ನಮ್ಮನ್ನು ಸುತ್ತಿ ಬಳಸಿಕೊಂಡು ಸದ್ದಿಲ್ಲದೆ ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಆ ದಾದಿ ಅಂದು ರೋಲರು ಹಿಡಿಯಲಿಲ್ಲ. ಕೂದಲು ಸಚಿಕೊಳ ಹತ್ತಿರ ಹೋದವು. ತೆಗೆಯಲು ಅವಳ ಕೈ ಇರಲಿಲ್ಲ.

ಹಿಂದಕ್ಕೆ

ಸತ್ತವರನ್ನು ನಮ್ಮಲ್ಲಿ ಮಣ್ಣು ಮಾಡುತ್ತೇವೆ, ಅಲ್ಲಿ ಸುಡುತ್ತಾರೆ. ಸುಟ್ಟ ಮೇಲೆ ಉಳಿದ ಎಲುಬನ್ನು ಕಣ್ಣಾರೆ ನೋಡಿದ್ದು ನನಗೆ ಅದೇ ಮೊದಲು. ಹತ್ತಿರದವರು ಕಡ್ಡಿಯಿಂದ ಒಂದೊಂದೇ ಎತ್ತಿ ಗಡಿಗೆಯಲ್ಲಿ ಇಡಬೇಕು. ಅವಳ ಅಣ್ಣ ನನಗೂ ಕಡ್ಡಿ ಕೊಟ್ಟ. ಐದು ವರ್ಷ ನನ್ನ ಅಡಿಗೆಮನೆಯಲ್ಲಿ ಕೂತು ಅವಳು ಉಣ್ಣುವ ಜೋಡಿ ಕಡ್ಡಿ ಹಿಡಿಯುವುದನ್ನು ಕಲಿಸಲು ನೋಡಿದ್ದಳು, ನಾನು ಕಲಿತಿರಲಿಲ್ಲ. ಎಲುಬು ನನ್ನ ಕಡ್ಡಿಯಿಂದ ಜಾರಿತು. ಅವನು ತನ್ನ ಕಡ್ಡಿಯಿಂದ ಇನ್ನೊಂದು ತುದಿ ಹಿಡಿದ, ಇಬ್ಬರೂ ಕೂಡಿ ಎತ್ತಿ ಇಟ್ಟೆವು.

ಹೊರಗೆ ಬಂದಾಗ ಅವನು ಸೊಂಟದವರೆಗೆ ಬಗ್ಗಿದ. ‘ನಮ್ಮ ದೇಶದ ನಿಯಮದಿಂದ ನಿಮಗೆ ತೊಂದರೆಯಾಯಿತು. ತಂಗಿ ಕೊನೆಯವರೆಗೂ ಅದಕ್ಕೇ ನೊಂದುಕೊಂಡಳು’ ಎಂದ. ನಾನು ಆಗ ತಡೆದುಕೊಳ್ಳಲಿಲ್ಲ. ಅಮಾವಾಸ್ಯೆ, ಪಾಡ್ಯ, ಡಾಕ್ಟರರ ಪೆನ್ನು, ಜೂನ್ ಒಂದು, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಪೂರ್ತಿ ನನ್ನದು ಎಂದೆ. ಅವನು ಕೇಳಿಸಿಕೊಂಡ. ಮೊದಲಿಗಿಂತಲೂ ಕೆಳಗೆ ಬಗ್ಗಿ, ‘ಇಲ್ಲ ಇಲ್ಲ, ತಪ್ಪು ನಮ್ಮದು’ ಎಂದ. ನನ್ನ ತಪ್ಪೊಪ್ಪಿಗೆ ಆ ದೇಶದಲ್ಲಿ ಬರೀ ಮರ್ಯಾದೆಯ ಮಾತಾಗಿ ಹೋಯಿತು.

ಪುಠಾಣಿಯನ್ನು ಇಟ್ಟುಕೊಳ್ಳಲು ಅವನ ಕಟ್ಟಡದಲ್ಲಿ ಅನುಮತಿ ಇಲ್ಲ. ನನ್ನ ವೀಸಾ ಒಂದು ತಿಂಗಳದ್ದು. ಏನು ಮಾಡಬೇಕು ಎಂದು ಅಧಿಕಾರಿಯನ್ನು ಕೇಳಿದರೆ ಒಂದೇ ಒಂದು ಹಾಳೆ ಮುಂದಿಟ್ಟ. ಊರಿಗೆ ತಿರುಗಿ ಒಯ್ಯುವುದಾದರೆ ಯಾವ ದಿನವಾದರೂ ಒಯ್ಯಬಹುದು. ಒಳಗೆ ಹೋಗಲು ನೂರಾ ಎಂಬತ್ತು ದಿನ, ಹಿಂದಕ್ಕೆ ಹೋಗಲು ಒಂದು ಸಹಿ. ಅಂದಿನ ತಾರೀಕು ಹಾಕಿ ಸಹಿ ಮಾಡಿದೆ. ವಿಮಾನದ ಟಿಕೀಟು, ನಮ್ಮ ಕಡೆಯ ಅನುಮತಿ ಕೂಡಿಬರಲು ವಾರ ಹಿಡಿಯಿತು. ಹೊರಡುವಾಗ ಆ ಅಧಿಕಾರಿ ನನಗೆ ಬಗ್ಗಿದ, ಆಮೇಲೆ ಪೆಟ್ಟಿಗೆಗೂ ಬಗ್ಗಿದ.

ಮತ್ತೆ ಸವದತ್ತಿ

ಬಂದ ಎಂಟನೆಯ ದಿನ ಪುಠಾಣಿಯನ್ನು ಬೈಲಹೊಂಗಲಕ್ಕೆ ಒಯ್ದೆ. ಬಹಳ ಇಳಿದುಹೋಗಿದ್ದಳು. ಡಾಕ್ಟರರು ಒಂದು ಸೂಜಿ ಹಾಕಿ ಪುಸ್ತಕ ತೆರೆದರು. ಅವರ ಮುಖವೂ ಬಾಡಿತ್ತು. ‘ತಾರೀಖ…’ ಎಂದು ನನ್ನ ಕಡೆ ನೋಡಿದರು.

‘ಇವತ್ತಿನ ತಾರೀಖನ ಹಾಕ್ರಿ’ ಎಂದೆ.

ವಿಮಾನ ನಿಲ್ದಾಣದಲ್ಲಿ ಸಚಿಕೊಳ ಅಣ್ಣ ಒಂದು ವಹಿ ಕೊಟ್ಟಿದ್ದ, ತಂಗಿಯ ದಿಂಬಿನ ಕೆಳಗೆ ಇತ್ತಂತೆ. ಅದನ್ನು ತೆರೆಯಲು ನನಗೆ ಅಲ್ಲಿಯವರೆಗೂ ಧೈರ್ಯವಾಗಿರಲಿಲ್ಲ. ಬೈಲಹೊಂಗಲದಿಂದ ಬಂದ ಸಂಜೆ ತೆರೆದೆ. ಪ್ರತಿ ಪುಟದಲ್ಲಿ ಪಾರದರ್ಶಕ ಅಂಟುಪಟ್ಟಿಯ ಕೆಳಗೆ ಮೂರೋ ನಾಲ್ಕೋ ಕೂದಲು. ಮೇಲೆ ಆ ದಿನದ ತಾರೀಕು, ಪಕ್ಕದಲ್ಲಿ ನಾನೇ ಕಲಿಸಿದ ದುಂಡಗಿನ ಕನ್ನಡ ಅಂಕಿಯಲ್ಲಿ ದಿನದ ಲೆಕ್ಕ. ಮೊದಲ ಎರಡು ಖಾಲಿ. ೩ರಿಂದ ೧೮ರವರೆಗೆ ಕೂದಲು. ೧೯ ಖಾಲಿ. ೨೦ ಕೂಡ ಖಾಲಿ. ಆದರೆ ಅಂಕಿ ನಿಂತಿರಲಿಲ್ಲ. ಮುಂದಿನ ಪುಟಗಳಿಗೂ ಅವಳು ಮೊದಲೇ ಅಂಕಿ ಹಾಕಿಟ್ಟಿದ್ದಳು, ನೂರು, ನೂರಾ ಐವತ್ತು, ನೂರಾ ಎಂಬತ್ತರವರೆಗೆ. ಕೊನೆಯ ಪುಟದಲ್ಲಿ ಸಣ್ಣಗೆ ಬರೆದಿದ್ದಳು: ‘ಇವತ್ತ ಪುಠಾಣಿ ಬರತಾಳ.’

ಪುಠಾಣಿ ಆಗ ಗೇಟಿನ ಹತ್ತಿರ ಇದ್ದಳು. ಆರು ಗಂಟೆಯ ಬಸ್ಸು ಬಂದು ಹೋಗಿತ್ತು.

ಅವಳ ಹತ್ತಿರ ಹೋಗಿ ಕುಳಿತೆ. ಸೆರಗಿಗೆ ಹತ್ತಿದ ಒಂದು ಕೂದಲು ತೆಗೆದು ಹತ್ತೊಂಬತ್ತನೆಯ ಪುಟಕ್ಕೆ ಅಂಟಿಸಿದೆ. ಆವತ್ತಿನಿಂದ ದಿನಕ್ಕೊಂದು ಪುಟ. ನಿನ್ನೆ ಅಮಾವಾಸ್ಯೆ ಇತ್ತು. ನಿನ್ನೆಯ ಪುಟದ ಮೇಲೆ ಅಮಾವಾಸ್ಯೆಯ ತಾರೀಕನ್ನೇ ಬರೆದೆ.